ಮಳೆ ಲೆಕ್ಕಕ್ಕೆ ಕಟ್ಟಿದ ಪೋಸ್ಟ್ ಪಟ್ಟಿ: ನಮ್ಮ ರೈತರ ವಾಟ್ಸಾಪ್ ಗುಂಪಿನ ರಿಪೇರಿ

ಪಾಂಡವಪುರ ತಾಲ್ಲೂಕಿನ ನಮ್ಮ ಸುತ್ತಮುತ್ತಲ ಊರುಗಳ ಭತ್ತ, ಕಬ್ಬು ಬೆಳೆಗಾರರದ್ದು ಒಂದು ವಾಟ್ಸಾಪ್ ಗುಂಪಿದೆ. ನಾನೂರು ಚಿಲ್ಲರೆ ಜನ ಇದ್ದೇವೆ. ಹೆಚ್ಚಿನವರ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರೇ ಆಧಾರ. ಗುಂಪು ಶುರುವಾದಾಗ ಒಳ್ಳೇ ಮಾತುಕತೆ ಇತ್ತು. 2025ರ ಬೇಸಿಗೆ ಹೊತ್ತಿಗೆ ಅದು ಹೆಚ್ಚೂಕಮ್ಮಿ ನಿಂತೇ ಹೋಗಿತ್ತು. ಬೆಳಿಗ್ಗೆ ಶುಭೋದಯದ ಹೂವು, ಮಧ್ಯಾಹ್ನ ಯಾವುದೋ ಬಹುಮಾನದ ಲಿಂಕು, ರಾತ್ರಿ ಎಲ್ಲಿಂದಲೋ ಬಂದ ವಿಡಿಯೋ. ಒಬ್ಬರು ಕಬ್ಬಿನ ಬೇರಿಗೆ ಬಿದ್ದ ಗೊಣ್ಣೆ ಹುಳುವಿನ ಫೋಟೋ ಹಾಕಿ ಏನು ಮಾಡೋದು ಅಂತ ಕೇಳಿದ್ದರು. ಅದರ ಮೇಲೆ ಹೂವಿನ ಫೋಟೋಗಳು ಬಂದು ಬಿದ್ದವು. ಉತ್ತರ ಬರಲೇ ಇಲ್ಲ.

ಗುಂಪಿನ ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳು. ಇದನ್ನು ಸರಿ ಮಾಡಬೇಕು ಅಂತ ಕೂತೆ. ಏನೇನು ಮಾಡಿದೆ, ಯಾವುದು ನಡೆಯಿತು, ಯಾವುದನ್ನು ಬದಲಾಯಿಸಬೇಕಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೆಳಗಿನ ತಲೆಬರಹಗಳಲ್ಲಿ ಇರುವುದು ಆಯಾ ಕೆಲಸ ನಡೆದ ಹೊತ್ತಿನ ಮಳೆ ನಕ್ಷತ್ರದ ಹೆಸರು. ನಿಮ್ಮೂರಲ್ಲಿ ಇಂಥದ್ದೇ ಗುಂಪು ಇದ್ದರೆ ಕೆಲಸಕ್ಕೆ ಬಂದೀತು.

ಭರಣಿ ಮಳೆ: ಏನು ಕೆಟ್ಟಿದೆ ಅಂತ ನೋಡಿದ್ದು

ಮೊದಲು ಹಳೇ ಮಾತುಕತೆಯನ್ನೆಲ್ಲ ಹೊರಗೆ ತೆಗೆದೆ. ಗುಂಪು ತೆರೆದು, ಮೂರು ಚುಕ್ಕೆ ಒತ್ತಿ, ಮೋರ್ ಒಳಗೆ ಎಕ್ಸ್‌ಪೋರ್ಟ್ ಚಾಟ್. ಅಲ್ಲಿ ಮೀಡಿಯಾ ಬೇಡ ಅಂದರೆ ಬರೀ ಅಕ್ಷರದ ಫೈಲ್ ಸಿಗುತ್ತದೆ. ಗುಂಪಿನಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ ಆನ್ ಆಗಿದ್ದರೆ ಇದು ಆಗುವುದಿಲ್ಲ. ಆ ಫೈಲನ್ನು ಗೂಗಲ್ ಶೀಟ್ಸ್‌ಗೆ ಹಾಕಿ ತಾರೀಖು, ಹೊತ್ತು, ಹೆಸರು, ಮಾತು ಅಂತ ಬೇರೆ ಬೇರೆ ಕಾಲಮ್ ಮಾಡಿದೆ.

ಇಲ್ಲಿ ಎರಡು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ, ಹೇಳಿಬಿಡುತ್ತೇನೆ. ಒಂದು, ಶೀಟ್‌ನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್, ಅಂದರೆ ಯಾವ ದೇಶದ ತಾರೀಖು ಪದ್ಧತಿ ಅನ್ನುವುದು, ಇಂಡಿಯಾ ಇರಬೇಕು. ಇಲ್ಲದಿದ್ದರೆ ಜೂನ್ 5 ಹೋಗಿ ಮೇ 6 ಆಗುತ್ತದೆ. ಇನ್ನೊಂದು, ಫೋನ್ 12 ಗಂಟೆ ಲೆಕ್ಕದಲ್ಲಿದ್ದರೆ ಹೊತ್ತಿಗೂ ಎಎಂ, ಪಿಎಂಗೂ ನಡುವೆ ಬೇರೊಂದು ಜಾತಿಯ ಸ್ಪೇಸ್ ಬಂದಿರಬಹುದು. ನೋಡಕ್ಕೆ ಮಾಮೂಲಿ ಸ್ಪೇಸ್ ಥರಾನೇ ಇರುತ್ತದೆ, ಆದರೆ ಶೀಟ್‌ಗೆ ಅದು ಹೊತ್ತು ಅಂತ ಅರ್ಥವೇ ಆಗುವುದಿಲ್ಲ. ಫೋನನ್ನು 24 ಗಂಟೆ ಲೆಕ್ಕಕ್ಕೆ ಬದಲಾಯಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ತೊಂದರೆ ಇಲ್ಲ. ಉದ್ದದ ಮೆಸೇಜ್‌ಗಳು ಹಲವು ಸಾಲಾಗಿ ಒಡೆದಿರುತ್ತವೆ. ತಾರೀಖು ಇಲ್ಲದ ಸಾಲುಗಳನ್ನೆಲ್ಲ ಫಿಲ್ಟರ್ ಹಾಕಿ ತೆಗೆದೆ.

ಒಬ್ಬೊಬ್ಬರಿಗೂ ಒಂದು ಅಂಕಿ ಕೊಟ್ಟು, ಹೆಸರು, ನಂಬರ್ ಇದ್ದ ಕಾಲಮನ್ನು ಅಳಿಸಿದೆ. ನಮ್ಮ ನಮ್ಮ ಜನರ ಮಾತು ಅದು. ಇನ್ನೊಬ್ಬ ಅಡ್ಮಿನ್ ಕೈಗೆ ಆ ಶೀಟ್ ಕೊಟ್ಟರೂ ಯಾರು ಎಷ್ಟು ಮಾತಾಡಿದರು ಅಂತ ಗೊತ್ತಾಗಬಾರದು.

ಯಾವ ಗಂಟೆಗೆ ಎಷ್ಟು ಮೆಸೇಜ್ ಅಂತ ಕೂಡಿಸಿ ತೋರಿಸುವ ಪಿವಟ್ ಟೇಬಲ್ ಹಾಕಿದಾಗ ಚಿತ್ರ ಸರಿಯಾಗಿ ಕಂಡಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಒಂದಷ್ಟು ಜನ ಫೋನ್ ನೋಡುತ್ತಾರೆ. ರಾತ್ರಿ ಎಂಟರಿಂದ ಒಂಬತ್ತೂವರೆ ತನಕ ಇನ್ನೂ ಜಾಸ್ತಿ ಜನ. ನಡುವಿನ ಹೊತ್ತಿನಲ್ಲಿ ಹಾಕಿದ್ದು ಯಾರಿಗೂ ಮುಟ್ಟುತ್ತಿರಲಿಲ್ಲ. ಕೃಷಿ ಮಾಹಿತಿಯ ಉದ್ದದ ಬರಹಗಳೆಲ್ಲ ಬಂದಿದ್ದು ಸರಿಯಾಗಿ ಆ ನಡುವಿನ ಹೊತ್ತಿನಲ್ಲೇ.

ಇನ್ನೊಂದು ವಿಷಯ. ಅಷ್ಟು ದಿನದಲ್ಲಿ ಯಾವ ಮೆಸೇಜ್‌ಗೆ ಉತ್ತರ ಬಂದಿದೆ ಅಂತ ಬೆರಳಿಟ್ಟು ನೋಡುತ್ತಾ ಹೋದೆ. ಕಟ್ಟೆಯ ನೀರಿನ ಮಟ್ಟ ಹಾಕಿದ ದಿನ ತಪ್ಪದೆ ಮಾತು ಹುಟ್ಟಿತ್ತು. ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ಎಷ್ಟು ಅಡಿಗೆ ಬಂತು ಅನ್ನುವುದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ, ಅಲ್ವಾ? ಅದು ಬಿಟ್ಟರೆ ಯಾರದ್ದಾದರೂ ಗದ್ದೆಯ ಫೋಟೋ, ಜೊತೆಗೊಂದು ಸಣ್ಣ ಪ್ರಶ್ನೆ. ಇವಕ್ಕೆ ಮಾತ್ರ ಜನ ಬಾಯಿ ಬಿಟ್ಟಿದ್ದರು.

ಬಹಳ ಜನ ಸುಮ್ನೆ ಓದುತ್ತಾರೆ, ಮಾತಾಡುವುದಿಲ್ಲ ಅನ್ನುವುದನ್ನು ನಾನು ಕೆಟ್ಟದ್ದು ಅಂತ ಲೆಕ್ಕ ಹಾಕಲಿಲ್ಲ. ಆನ್‌ಲೈನ್ ಗುಂಪುಗಳ ಬಗ್ಗೆ, ಜನ ವೆಬ್‌ಸೈಟ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲೇ ಬರೆದಿದ್ದಾರೆ: ನೂರರಲ್ಲಿ ತೊಂಬತ್ತು ಜನ ಬರೀ ನೋಡುತ್ತಾರೆ, ಒಂಬತ್ತು ಜನ ಆಗಾಗ ಮಾತಾಡುತ್ತಾರೆ, ಹೆಚ್ಚಿನದ್ದನ್ನೆಲ್ಲ ಬರೆಯುವುದು ಒಬ್ಬರು. ನಮ್ಮ ಗುಂಪೂ ಹೆಚ್ಚೂಕಮ್ಮಿ ಹಾಗೇ ಇತ್ತು. ಹಾಗಾಗಿ ಎಲ್ಲರನ್ನೂ ಮಾತಾಡಿಸುವುದು ನನ್ನ ಗುರಿ ಆಗಲಿಲ್ಲ. ಆಗಾಗ ಮಾತಾಡುವವರಿಗೆ ಮಾತಾಡಲು ಕಾರಣ ಸಿಗಬೇಕು. ಓದುವವರಿಗೆ ಓದಿದ್ದು ಗದ್ದೆಯಲ್ಲಿ ಕೆಲಸಕ್ಕೆ ಬರಬೇಕು.

ಕೃತ್ತಿಕೆ: ಶೀಟ್ ಕಟ್ಟಿದ್ದು

ಪೋಸ್ಟ್‌ಗಳಿಗೆ ಒಂದು ಪಟ್ಟಿ ಮಾಡೋಣ ಅಂತ ಹೊರಟಾಗ ಎಲ್ಲರೂ ತೋರಿಸುವ ಮಾದರಿ ಒಂದೇ. ಸೋಮವಾರ ಇದು, ಮಂಗಳವಾರ ಅದು, ತಿಂಗಳಿಗೊಂದು ವಿಷಯ. ಆದರೆ ನಮ್ಮ ಜನರ ತಲೆಯಲ್ಲಿ ಜೂನ್, ಜುಲೈ ಇರುವುದಿಲ್ಲ. ರೋಹಿಣಿ ಬಂತಾ, ಆರಿದ್ರೆ ಹೆಂಗಾಯ್ತು, ಮಘೆ ಕೈ ಕೊಡ್ತಾ ಅಂತಲೇ ಮಾತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಒಂದು ಮಳೆ ಅಂದರೆ ಸುಮಾರು ಎರಡು ವಾರ. ಪೋಸ್ಟ್ ಪಟ್ಟಿಗೆ ಇದಕ್ಕಿಂತ ಒಳ್ಳೇ ಅಳತೆ ಬೇಕಾ?

ಶೀಟ್‌ನಲ್ಲಿ ಒಂದೊಂದು ಮಳೆಗೆ ಒಂದೊಂದು ಸಾಲು ಕೊಟ್ಟೆ. ಏಪ್ರಿಲ್ ನಡುವಿನ ಅಶ್ವಿನಿಯಿಂದ ನವೆಂಬರ್ ಮೊದಲ ವಾರ ಶುರುವಾಗುವ ವಿಶಾಖದ ತನಕ. ಅಡ್ಡಕ್ಕೆ ಕಾಲಮ್‌ಗಳು: ಭತ್ತ, ಕಬ್ಬು, ಹಸು ಎಮ್ಮೆ, ಸರ್ಕಾರಿ ಕೆಲಸ, ಆ ಮಳೆಯ ಗಾದೆ, ಜವಾಬ್ದಾರಿ ಯಾರದ್ದು. ಗಾದೆ ಕಾಲಮ್ ನಮ್ಮ ಚಿಕ್ಕಪ್ಪನ ಒತ್ತಾಯಕ್ಕೆ ಬಂದಿದ್ದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು, ಹೀಗೆ. ಮಳೆ ಹುಟ್ಟುವ ದಿನ ಬೆಳಿಗ್ಗೆ ಗಾದೆ ಹಾಕಿದರೆ ವಯಸ್ಸಾದವರು ತಮ್ಮ ಕಡೆ ಅದನ್ನು ಹೇಗೆ ಹೇಳುತ್ತಾರೆ ಅಂತ ಶುರು ಮಾಡುತ್ತಾರೆ. ಅವರು ಒಮ್ಮೆ ಬಾಯಿ ಬಿಟ್ಟರೆ ಮುಂದಿನ ಮಾತು ತಾನೇ ಬರುತ್ತದೆ.

ಆದರೆ ಬರೀ ಮಳೆ ನಕ್ಷತ್ರ ನಂಬಿದರೆ ನಾಲೆ ಬಯಲಿನಲ್ಲಿ ಕೆಲಸ ನಡೆಯುವುದಿಲ್ಲ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2024ರಲ್ಲಿ ತುಂಬಿದ್ದು ಜುಲೈಯಲ್ಲಿ. ನಮ್ಮ ಭತ್ತದ ಒಟ್ಲು (ಸಸಿಮಡಿ) ಬೀಳುವುದು ನಾಲೆಗೆ ನೀರು ಬಿಟ್ಟಾಗ. ಪಟ್ಟಿಯಲ್ಲಿ ನಾಟಿ ಅಂತ ಬರೆದ ದಿನ ಗದ್ದೆ ಬಿರುಕು ಬಿಟ್ಟಿದ್ದರೆ ಆ ಪೋಸ್ಟ್ ನೋಡಿದವರಿಗೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ತಾರೀಖುಗಳನ್ನು ಎರಡು ಜಾತಿ ಮಾಡಿದೆ. ಮಳೆಯ ತಾರೀಖು ಅಲ್ಲಾಡುವುದಿಲ್ಲ. ನೀರಿನ ತಾರೀಖು ಅಲ್ಲಾಡುತ್ತದೆ. ಶೀಟ್‌ನ ಮೇಲೆ ಬಿ1 ಖಾನೆಯಲ್ಲಿ ನೀರು ಬಿಡುವ ದಿನ ಅಂತ ಇಟ್ಟೆ. ನೀರಾವರಿ ಸಲಹಾ ಸಮಿತಿ ದಿನ ತೀರ್ಮಾನಿಸಿದ ಕೂಡಲೇ ಅಲ್ಲಿ ತುಂಬುವುದು. ಬೀಜ ಆರಿಸುವ ಪೋಸ್ಟ್ ಬಿ1ರಲ್ಲಿ ನಾಲ್ಕು ಕಳೆದರೆ ಬರುವ ದಿನ. ಒಟ್ಲಿನ ಪೋಸ್ಟ್ ಬಿ1ಕ್ಕೆ ಎರಡು ಕೂಡಿಸಿದ ದಿನ. ನಾಟಿ ಮಾತು ಅಲ್ಲಿಂದ 21ರಿಂದ 25 ದಿನಕ್ಕೆ, ಪೈರು ನಾಟಿಗೆ ಬರುವ ವಯಸ್ಸು ಅಷ್ಟು. ಕಳೆ, ಮೇಲುಗೊಬ್ಬರ, ಕಾಂಡ ಕೊರಕದ ನಿಗಾ ಎಲ್ಲವೂ ನಾಟಿ ದಿನಕ್ಕೆ ಕೂಡಿಸಿದ ಲೆಕ್ಕ. ಒಂದು ಖಾನೆ ಬದಲಾಯಿಸಿದರೆ ಕೆಳಗಿನ ಅಷ್ಟೂ ತಾರೀಖು ಸರಿದು ಕೂರುತ್ತವೆ. ಇವತ್ತಿನ ತಾರೀಖಿಗೆ ಬಂದ ಸಾಲು ಹಳದಿ ಆಗಲಿ ಅಂತ ಕಂಡೀಷನಲ್ ಫಾರ್ಮ್ಯಾಟಿಂಗ್ ಕೂಡ ಹಾಕಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟಿದ್ದು ಈ ಒಂದು ಖಾನೆ.

ಪೋಸ್ಟ್‌ಗೂ ಒಂದು ಅಚ್ಚು ಬೇಕಿತ್ತು. ಬೀಜೋಪಚಾರದ ಮಹತ್ವ ಅಂತ ಎರಡು ಪುಟ ಬರೆದರೆ ಯಾರು ಓದುತ್ತಾರೆ? ಅದನ್ನು ಹೀಗೆ ಮಾಡಿದೆ: ‘ಒಟ್ಲಿಗೆ ಬೀಜ ಆರಿಸುತ್ತಿದ್ದೀರಾ? ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕಲಸಿದ ನೀರಿಗೆ ಬೀಜ ಸುರಿಯಿರಿ. ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಒಳ್ಳೇ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ನಿಮ್ಮ ಬೀಜದಲ್ಲಿ ಜೊಳ್ಳು ಎಷ್ಟು ಬಂತು, ಯಾವ ತಳಿ?’ ಜೊತೆಗೆ ನಮ್ಮನೆ ತೊಟ್ಟಿಯ ಫೋಟೋ. ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಯಾವ ಓದೂ ಬೇಡ. ಐಆರ್-64, ತನು, ಜ್ಯೋತಿ ಅಂತ ಒಂದು ಪದ ಸಾಕು. ಪೋಸ್ಟ್ ಅನ್ನುವುದು ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಒಂದು ಚಮಚ ಹಾಕಿ ಬಿಡಬೇಕು, ಪಾತ್ರೆ ತುಂಬ ಅದೇ ಆಗಬಾರದು.

ಪಟ್ಟಿ ನೋಡಿದ ಚಿಕ್ಕಪ್ಪ ಒಂದು ಮಾತು ಹೇಳಿದರು. ‘ದಿನಾ ನೀನೇ ಹಾಕ್ತಿದ್ರೆ ನಾವು ಯಾವಾಗ ಮಾತಾಡೋದವ್ವ? ಒಂದೆರಡು ದಿನ ಸುಮ್ನೆ ಬುಡು.’ ವಾರಕ್ಕೆ ಐದು ಇದ್ದಿದ್ದನ್ನು ಮೂರಕ್ಕೆ ಇಳಿಸಿದೆ. ಕಟ್ಟೆಯ ಮಟ್ಟ ಮಾತ್ರ ದಿನಾ. ಸೋಮವಾರ ರಾತ್ರಿಯನ್ನು ಉದ್ದದ ಮಾತಿಗೆ ಇಟ್ಟೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಅನ್ನುವ ಪದ್ಧತಿ ನಮ್ಮ ಕಡೆ ಇದೆ. ಟ್ರ್ಯಾಕ್ಟರ್ ಬಂದ ಮೇಲೂ ಎಷ್ಟೋ ಮನೆಯಲ್ಲಿ ಆ ದಿನ ಕೆಲಸ ಸ್ವಲ್ಪ ಸಡಿಲ.

ರೋಹಿಣಿ, ಮೃಗಶಿರ: ಓಡಿಸಿ ನೋಡಿದ್ದು

ರೋಹಿಣಿ ಹುಟ್ಟಿದ ದಿನದಿಂದ ಪಟ್ಟಿ ಓಡಿಸಿದೆ. ಭಾನುವಾರ ಕೂತು ಎರಡು ವಾರದ್ದನ್ನು ಒಟ್ಟಿಗೆ ಬರೆದುಕೊಳ್ಳುವುದು. ಬರೆದಿದ್ದನ್ನು ನನಗೆ ನಾನೇ ವಾಟ್ಸಾಪ್‌ನಲ್ಲಿ ಕಳಿಸಿಕೊಂಡು, ಫೋನ್‌ನಲ್ಲಿ ಅಲಾರಾಂ ಇಟ್ಟು, ಹೊತ್ತಿಗೆ ಸರಿಯಾಗಿ ಗುಂಪಿಗೆ ಹಾಕುವುದು. ಫಾರ್ವರ್ಡ್ ಮಾಡುವುದಿಲ್ಲ, ಕಾಪಿ ಮಾಡಿ ಹಾಕುತ್ತೇನೆ. ಫಾರ್ವರ್ಡ್ ಮಾಡಿದರೆ ಮೇಲೆ ಆ ಗುರುತು ಬರುತ್ತದೆ. ಅದನ್ನು ಕಂಡರೆ ಜನ ಎಲ್ಲಿಂದಲೋ ಬಂದಿದ್ದು ಅಂದುಕೊಂಡು ದಾಟಿಹೋಗುತ್ತಾರೆ. ತಾನೇ ಕಳಿಸುವ ಬೇರೆ ಆ್ಯಪ್‌ಗಳಿವೆ, ಆದರೆ ನಾನೂರು ಜನರ ಮಾತಿನೊಳಗೆ ಹೊರಗಿನ ಆ್ಯಪ್‌ಗೆ ದಾರಿ ಕೊಡುವುದು ನನಗೆ ಇಷ್ಟವಾಗಲಿಲ್ಲ.

ಶುಭೋದಯದ ಹೂವುಗಳಿಗೆ ಬೈಯುವುದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಬೆಳಿಗ್ಗೆ ಎದ್ದು ಎಲ್ಲರನ್ನೂ ನೆನೆದು ಹೂವು ಕಳಿಸುವವರು ಗುಂಪಿನ ಮೇಲೆ ಪ್ರೀತಿ ಇರುವವರೇ ತಾನೇ. ವಾಟ್ಸಾಪ್‌ನ ಕಮ್ಯುನಿಟಿ ಸೌಲಭ್ಯದಲ್ಲಿ ಎರಡು ಗುಂಪು ಒಂದೇ ಸೂರಿನಡಿ ಇಡಬಹುದು. ಹಳೇ ಗುಂಪು ಬೇಸಾಯಕ್ಕೆ, ಪಕ್ಕದಲ್ಲಿ ‘ಅರಳಿಕಟ್ಟೆ’ ಅಂತ ಇನ್ನೊಂದು. ಹೂವು, ಹಬ್ಬ, ಮದುವೆ ಕರೆಯೋಲೆ, ಊರ ಸುದ್ದಿ ಎಲ್ಲ ಅಲ್ಲಿಗೆ. ಹೂವು ಕಳಿಸುತ್ತಿದ್ದವರಲ್ಲೇ ಒಬ್ಬರನ್ನು ಅದರ ಅಡ್ಮಿನ್ ಮಾಡಿದೆವು.

ಪೋಲ್ ಬಗ್ಗೆ ನನಗೆ ಆಸೆ ಜಾಸ್ತಿ ಇತ್ತು. ಹನ್ನೆರಡು ಆಯ್ಕೆ ತನಕ ಕೊಡಬಹುದು. ಹಸಿರೆಲೆ ಗೊಬ್ಬರಕ್ಕೆ ಈ ಸಲ ಏನು ಬಿತ್ತುತ್ತೀರಿ: ಡಯಾಂಚ, ಅಪ್ಸೆಣಬು, ಏನೂ ಇಲ್ಲ. ಜನ ಒತ್ತಿದರು, ಅಷ್ಟೇ. ಮಾತು ಹುಟ್ಟಲಿಲ್ಲ. ಆಮೇಲೆ ಪೋಲ್ ಮುಗಿದ ರಾತ್ರಿ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಸೇರಿಸಿದೆವು: ‘ಏನೂ ಇಲ್ಲ ಅಂದವರು ಯಾಕೆ ಬಿಟ್ಟಿರಿ?’ ಬೀಜ ಸಿಗಲಿಲ್ಲ ಅಂದರು ಕೆಲವರು. ಉಳುವ ಹೊತ್ತಿಗೆ ನೀರಿರುವುದಿಲ್ಲ, ಕೊಳೆಯುವುದಿಲ್ಲ ಅಂದರು ಇನ್ನು ಕೆಲವರು. ಎಳೆಯದರಲ್ಲೇ, ಹೂ ಕಾಣುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಬೇಗ ಕೊಳೆಯುತ್ತದೆ ಅಂತ ಒಬ್ಬ ಹಿರಿಯರು ವಾಯ್ಸ್ ಮೆಸೇಜ್ ಹಾಕಿದರು. ಅದು ಆ ಮಳೆಯಲ್ಲೇ ಅತಿ ಹೆಚ್ಚು ಜನ ಕೇಳಿದ ಮೆಸೇಜ್.

ಆ ವಾಯ್ಸ್ ಮೆಸೇಜ್‌ನಿಂದ ಇನ್ನೊಂದು ದಾರಿ ತೆರೆಯಿತು. ಟೈಪ್ ಮಾಡಲು ಬಾರದವರು ಎಷ್ಟು ಜನ ಇದ್ದಾರೆ! ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಹಾಕಿ ಅಂತ ಗುಂಪಿನ ವಿವರಣೆಯಲ್ಲೇ ಬರೆದೆವು. ಅದರಲ್ಲಿ ಮುಖ್ಯವಾದದ್ದನ್ನು ನಮ್ಮೂರಿನ ನಿವೃತ್ತ ಮೇಷ್ಟ್ರು ಎರಡು ಸಾಲು ಬರೆದು ಕೆಳಗೆ ಹಾಕುತ್ತಾರೆ. ಆಮೇಲೆ ಹುಡುಕಿದರೆ ಸಿಗಬೇಕಲ್ಲ.

ಆರಿದ್ರೆ: ನೀರು ಬಂತು

2025ರಲ್ಲಿ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿತು. ಜೂನ್‌ನಲ್ಲೇ ತುಂಬುವುದು ಬಹಳ ಅಪರೂಪ. ಆ ವಾರ ಗುಂಪಿಗೆ ನನ್ನ ಯಾವ ಪೋಸ್ಟೂ ಬೇಕಿರಲಿಲ್ಲ. ಪಟ್ಟಿಯಲ್ಲಿ ಇದ್ದಿದ್ದನ್ನೆಲ್ಲ ಮುಂದಕ್ಕೆ ತಳ್ಳಿ, ಕಟ್ಟೆಯ ಮಟ್ಟದ ಪೋಸ್ಟ್ ಒಂದನ್ನೇ ಚೆನ್ನಾಗಿ ಮಾಡಿದೆ. ಇವತ್ತಿನ ಮಟ್ಟ, ಪಕ್ಕದಲ್ಲಿ ಗರಿಷ್ಠ 124.80 ಅಡಿ, ಒಳಹರಿವು, ಹೊರಹರಿವು ಕ್ಯುಸೆಕ್‌ನಲ್ಲಿ, ಕೆಳಗೆ ಹೋದ ವರ್ಷ ಇದೇ ದಿನದ ಮಟ್ಟ. ಆ ಕೊನೆಯ ಸಾಲು ಬಂದ ಮೇಲೆ ಮಾತಿನ ದಿಕ್ಕೇ ಬದಲಾಯಿತು. ಬರೀ ಕೈ ಮುಗಿಯುವ ಚಿತ್ರ ಬರುತ್ತಿದ್ದ ಕಡೆ, ಹೋದ ವರ್ಷ ಯಾವಾಗ ಒಟ್ಲು ಹಾಕಿದೆವು, ಈ ಸಲ ಎಷ್ಟು ಮುಂಚೆ ಆಗುತ್ತೆ, ಕೂಲಿಯವರು ಸಿಗ್ತಾರಾ ಅನ್ನುವ ಮಾತು ಶುರುವಾಯಿತು. ಬಿ1 ಖಾನೆ ತುಂಬಿದೆ. ಎಲ್ಲ ತಾರೀಖೂ ಸರಿದು ಕೂತವು.

ಸರ್ಕಾರಿ ಕೆಲಸದ ಕಾಲಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊನೆ ದಿನ ಇರುವ ಯಾವುದೇ ವಿಷಯ ಆದರೂ ಮೂರು ಸಲ ಹಾಕುತ್ತೇವೆ: ಹದಿನೈದು ದಿನ ಮುಂಚೆ, ಐದು ದಿನ ಮುಂಚೆ, ಹಿಂದಿನ ದಿನ. ಬೆಳೆ ವಿಮೆಗೆ ಮುಂಗಾರು ಭತ್ತಕ್ಕೆ ರೈತ ಕಟ್ಟುವುದು ವಿಮೆ ಮೊತ್ತದ ನೂರಕ್ಕೆ 2, ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪದಿಂದ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಇಂಥವನ್ನು ಗುಂಪಿನ ಮೇಲೆ ಪಿನ್ ಮಾಡಿ 30 ದಿನ ಇಡಬಹುದು.

ಆಶ್ಲೇಷ, ಮಘೆ: ರೋಗದ ಫೋಟೋಗಳು

ನಾಟಿ ಮುಗಿದ ಮೇಲೆ ಜನ ತಾವಾಗೇ ಫೋಟೋ ಹಾಕಲು ಶುರು ಮಾಡಿದರು. ಖುಷಿಯ ವಿಷಯ, ಆದರೆ ಇಲ್ಲೇ ಅಪಾಯವೂ ಇದೆ. ಮಸುಕಾದ ಒಂದು ಎಲೆ ನೋಡಿ ಒಬ್ಬರು ಒಂದು ಔಷಧಿ ಹೇಳುತ್ತಾರೆ, ಇನ್ನೊಬ್ಬರು ಅದರ ಎರಡರಷ್ಟು ಹೊಡಿ ಅನ್ನುತ್ತಾರೆ. ತಪ್ಪು ಔಷಧಿಗೆ ದುಡ್ಡು ಹೋಗುವುದು ಬೇರೆಯವರದ್ದು.

ಹಾಗಾಗಿ ಒಂದು ಕಟ್ಟುಪಾಡು ಮಾಡಿದೆವು. ಫೋಟೋ ಮೂರು ಬೇಕು: ಇಡೀ ಗದ್ದೆ ಕಾಣುವ ಹಾಗೆ ಒಂದು, ಒಂದು ಬುಡ, ಒಂದು ಎಲೆ ಹತ್ತಿರದಿಂದ. ಕಳಿಸುವಾಗ ಎಚ್‌ಡಿ ಒತ್ತಬೇಕು, ಇಲ್ಲದಿದ್ದರೆ ಚುಕ್ಕೆಯ ಆಕಾರವೇ ಕಾಣುವುದಿಲ್ಲ. ಜೊತೆಗೆ ತಳಿ, ನಾಟಿ ಆಗಿ ಎಷ್ಟು ದಿನ, ಯೂರಿಯಾ ಎಷ್ಟು ಕೊಟ್ಟಿದ್ದೀರಿ. ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಅಂಚು ಕಂದು ಇದ್ದರೆ ಬೆಂಕಿ ರೋಗ ಅಂತ ಅನುಮಾನ ಪಡಬಹುದು. ಯೂರಿಯಾ ಜಾಸ್ತಿಯಾದ ಗದ್ದೆಯಲ್ಲಿ ಅದು ಜೋರು. ಗದ್ದೆಯ ನಡುವೆ ದುಂಡಗೆ ಸುಟ್ಟ ಹಾಗೆ ಕಂಡರೆ ಬುಡ ಬಿಡಿಸಿ ಕಂದು ಜಿಗಿಹುಳು ಇದೆಯಾ ನೋಡಬೇಕು, ನೀರು ಬಸಿದು ಬಿಡಬೇಕು. ಇಷ್ಟು ತನಕ ಗುಂಪಿನಲ್ಲಿ ಯಾರು ಬೇಕಾದರೂ ಹೇಳಬಹುದು. ಔಷಧಿ ಹೆಸರು, ಅಳತೆ ಮಾತ್ರ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೋ ಕೇಳಿದ ಮೇಲೆ. ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಪುಕ್ಕಟೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕೇಳಿಕೊಂಡು ಬಂದವರು ಅವರು ಏನಂದರು ಅಂತ ಗುಂಪಿಗೆ ಹೇಳಲೇಬೇಕು.

ಹೆಣ್ಣುಮಕ್ಕಳು ಯಾಕೆ ಮಾತಾಡುತ್ತಿಲ್ಲ ಅನ್ನುವುದು ಈ ಹೊತ್ತಿಗೆ ನನ್ನನ್ನು ಬಹಳ ಕೊರೆಯುತ್ತಿತ್ತು. ನಾಟಿ, ಕಳೆ, ಹಾಲು ಕರೆಯೋದು ಎಲ್ಲ ಮಾಡುವವರು ಅವರು. ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರನ್ನು ಕೇಳಿದೆ. ‘ಫೋನು ನಮ್ಮ ಕೈಗೆ ಬರೋದು ರಾತ್ರಿ ಊಟ ಆದ್ಮೇಲೆ ಕಣವ್ವ. ಆಮೇಲೆ ಅಷ್ಟು ಗಂಡಸರ ನಡುವೆ ಏನಂತ ಬರೆಯೋದು?’ ಅಂದರು. ಹಸು ಎಮ್ಮೆ ಕಾಲಮನ್ನು ಅವರಿಗೇ ಒಪ್ಪಿಸಿದೆ. ಗುರುವಾರ ರಾತ್ರಿ ಒಂಬತ್ತಕ್ಕೆ ಅವರ ವಾಯ್ಸ್ ಮೆಸೇಜ್ ಬರುತ್ತದೆ. ಕೆಚ್ಚಲು ಬಾವಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಹೇಳಿದವರಲ್ಲಿ ಅದುವರೆಗೂ ಮಾತೇ ಆಡದಿದ್ದ ಹೆಂಗಸರು ಇದ್ದರು. ನನ್ನ ಮಟ್ಟಿಗೆ ಈ ರಿಪೇರಿಯಲ್ಲಿ ಇದಕ್ಕಿಂತ ದೊಡ್ಡ ಗೆಲುವು ಇಲ್ಲ.

ಹುಬ್ಬೆ: ಅಳೆದಿದ್ದು, ಉಳಿದಿದ್ದು

ದಿನಕ್ಕೆ ಎಷ್ಟು ಮೆಸೇಜ್ ಅನ್ನುವುದನ್ನು ನಾನು ಅಳೆಯುವುದಿಲ್ಲ. ಇಬ್ಬರು ಜಗಳ ಆಡಿದರೂ ಆ ಅಂಕಿ ಏರುತ್ತದೆ. ನೋಡುವುದು ಎರಡೇ. ವಾರದಲ್ಲಿ ಎಷ್ಟು ಬೇರೆ ಬೇರೆ ಜನ ಮಾತಾಡಿದರು, ಅದಕ್ಕೆ ಶೀಟ್ಸ್‌ನಲ್ಲಿ ಕೌಂಟ್‌ಯುನೀಕ್ ಸಾಕು. ಬೇಸಾಯದ ಪ್ರಶ್ನೆಗೆ ಮೊದಲ ಉತ್ತರ ಎಷ್ಟು ಹೊತ್ತಿಗೆ ಬಂತು, ಇದನ್ನು ಕಣ್ಣಲ್ಲೇ ನೋಡಿ ಬರೆದುಕೊಳ್ಳಬೇಕು. ಮಾತಾಡುವವರು ಬೇಸಿಗೆಗಿಂತ ಎರಡರಷ್ಟಕ್ಕೂ ಹೆಚ್ಚಾಗಿದ್ದಾರೆ. ರಾತ್ರಿ ಕೇಳಿದ ಪ್ರಶ್ನೆಗೆ ಬೆಳಿಗ್ಗೆ ಡೈರಿ ಹೊತ್ತಿಗೆ ಏನಾದರೂ ಉತ್ತರ ಬಂದಿರುತ್ತದೆ.

ಜವಾಬ್ದಾರಿ ಕಾಲಮ್‌ನಲ್ಲಿ ಈಗ ನನ್ನ ಹೆಸರು ಎರಡು ಕಡೆ ಮಾತ್ರ ಇದೆ. ಉತ್ತರೆಯ ಭತ್ತದ ಸಾಲನ್ನು ಮೇಷ್ಟ್ರು ಬರೆಯುತ್ತಿದ್ದಾರೆ. ಕೊಯ್ಲಿನ ಸಾಲಿಗೆ ಯಂತ್ರದ ಬಾಡಿಗೆ ಯಾವ ಊರಲ್ಲಿ ಗಂಟೆಗೆ ಎಷ್ಟು ಅನ್ನುವ ಪ್ರಶ್ನೆ, 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ ಅನ್ನುವುದು, ಬೆಂಬಲ ಬೆಲೆ ಖರೀದಿಯ ನೋಂದಣಿ ಶುರುವಾದಾಗ ಹಾಕುವ ಪೋಸ್ಟ್, ಮೂರೂ ಸಿದ್ಧ ಇವೆ.

ಕಬ್ಬಿನ ಕಾಲಮ್ ಇನ್ನೂ ಅರ್ಧ ಖಾಲಿ. ಭತ್ತದ ಹಾಗೆ ಕಬ್ಬಿಗೆ ಒಂದೇ ಬಿ1 ಖಾನೆ ಸಾಲುವುದಿಲ್ಲ. ಒಬ್ಬರ ಕಬ್ಬು ಕಡಿಯಲು ಬಂದಿರುತ್ತದೆ, ಪಕ್ಕದವರದ್ದು ಈಗಷ್ಟೇ ಮೊಳೆತಿರುತ್ತದೆ. ಹೊಸದಾಗಿ ನೆಟ್ಟ ತನಿ ಕಬ್ಬಿಗೆ ಒಂದು, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆಗೆ ಒಂದು ಅಂತ ಎರಡು ಬೇರೆ ಖಾನೆ ಮಾಡಿ, ತನಿಗೆ ನೆಟ್ಟ ದಿನದಿಂದ, ಕೂಳೆಗೆ ಕಟಾವಾದ ದಿನದಿಂದ ಲೆಕ್ಕ ಹಾಕಬೇಕು ಅಂತ ಆಲೆಮನೆ ನಡೆಸುವ ಹುಡುಗ ಹೇಳುತ್ತಿದ್ದಾನೆ. ತರಗು ಸುಡದೆ ಸಾಲಲ್ಲೇ ಹಾಸುವವರ ಫೋಟೋಗಳಿಂದ ಕೂಳೆಯ ಸಾಲು ಶುರು ಮಾಡೋಣ ಅನ್ನುವುದೂ ಅವನದ್ದೇ ಮಾತು. ಹಸ್ತ ಮಳೆಯೊಳಗೆ ಅವನು ಬರೆದು ಕೊಟ್ಟರೆ, ಚಿತ್ತೆಯಿಂದ ಕಬ್ಬಿನ ಪಟ್ಟಿಯೂ ಓಡುತ್ತದೆ.